ಉಪ್ಪನ ಕಡದ ಲೆಕ್ಕಕ್ಕೆ ಯಾವ ಬೀಗ?

ಜೀರಹಳ್ಳಿಯಲ್ಲಿ ನಮ್ಮದು ದಿನಸಿ ಅಂಗಡಿ. ಜಿಲ್ಲೆ ತಮಿಳುನಾಡಿನ ಈರೋಡ್ ಆದರೂ ತಾಳವಾಡಿ ಬೆಟ್ಟದ ಈ ಕಡೆ ಕನ್ನಡ ಮಾತು ಹೆಚ್ಚು. ನಮ್ಮ ಕಡದ ಪುಸ್ತಕವೂ ಕನ್ನಡದ್ದೇ. ಯಾರ ಮನೆಯಲ್ಲಿ ಕೈ ಬಿಗಿಯಾಗಿದೆ ಎಂಬುದು ಊರಿಗೆ ಗೊತ್ತಿಲ್ಲದಿದ್ದರೂ ಆ ಪುಸ್ತಕಕ್ಕೆ ಗೊತ್ತು. ಅದು ಅಮಾನತ್, ಬೇರೆಯವರ ಕಣ್ಣಿಗೆ ಬೀಳಬಾರದು ಅಂತ ಉಪ್ಪನ ಕಟ್ಟುನಿಟ್ಟು.

ಈಗ ಆ ಲೆಕ್ಕ ನನ್ನ ಲ್ಯಾಪ್‌ಟಾಪಿನಲ್ಲಿದೆ. ರಿಪೇರಿಗೆ ಚಾಮರಾಜನಗರಕ್ಕೆ ಹೋಗಬೇಕು, ಇಲ್ಲವೇ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ. ಬಸ್ಸಿನಲ್ಲಿ ಕಳೆದುಹೋದರೆ ಲಾಗಿನ್ ಪಾಸ್‌ವರ್ಡ್ ಏನೂ ಕಾಯುವುದಿಲ್ಲ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಮುಗಿಯಿತು. ಹಾಗಾಗಿ ಲಿನಕ್ಸ್‌ನ ಲಕ್ಸ್ ಬಳಸಿ ಇಡೀ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿದೆ. ಆಗ ಎದುರಾದ ಪ್ರಶ್ನೆ: ಯಾವ ಮೋಡ್?

ಎಇಎಸ್ ಎಂಬ ಸೈಫರ್ ಒಮ್ಮೆಗೆ 16 ಬೈಟ್ ಮಾತ್ರ ಅರೆಯುತ್ತದೆ. ಆ ತುಂಡುಗಳನ್ನು ಹೇಗೆ ನಡೆಸಬೇಕು ಎಂಬುದೇ ಮೋಡ್. ಡಿಪ್ಲೊಮಾ ಓದಿದ ನನಗೆ ಇದು ಗೇರ್ ಬಾಕ್ಸಿನಂತೆ ಕಂಡಿತು: ಹಲ್ಲುಚಕ್ರ ಅದೇ, ಜೋಡಣೆ ಬೇರೆ.

ಇಸಿಬಿಯಲ್ಲಿ ಒಂದೇ ತರದ ತುಂಡು ಪ್ರತಿಸಲ ಒಂದೇ ತರ ಹೊರಬರುತ್ತದೆ. ಖಾಲಿ ಜಾಗ ಎಲ್ಲಿ, ತುಂಬಿದ್ದು ಎಲ್ಲಿ ಎಂದು ಕೀ ಇಲ್ಲದವನಿಗೂ ಕಾಣುತ್ತದೆ. ಅದನ್ನು ಬಿಟ್ಟುಬಿಡಿ.

ಸಿಬಿಸಿ ಪ್ರತಿ ತುಂಡನ್ನು ಹಿಂದಿನದಕ್ಕೆ ಕೊಂಡಿ ಹಾಕುತ್ತದೆ. ವಿನ್ಯಾಸ ಮುಚ್ಚುತ್ತದೆ, ನಿಜ. ಆದರೆ ಯಾವ ಜಾಗದಲ್ಲಿ ಏನಿದೆ ಎಂದು ಬಲ್ಲ ಕಿಡಿಗೇಡಿ ಒಂದು ತುಂಡನ್ನು ಕೆಡಿಸಿ, ಅದರ ಮುಂದಿನ ತುಂಡಿನಲ್ಲಿ ತನಗೆ ಬೇಕಾದ ಬಿಟ್ ತಿರುಗಿಸಬಹುದು. 1000 ಬಾಕಿ 9000 ಆದರೆ? ಗುಟ್ಟು ಹೋಗುವುದಕ್ಕಿಂತ ಇದು ನನಗೆ ಹೆಚ್ಚು ಹೆದರಿಕೆಯ ವಿಷಯ.

ಎಕ್ಸ್‌ಟಿಎಸ್ ಡಿಸ್ಕಿಗೆಂದೇ 2007ರಲ್ಲಿ ಐಇಇಇ 1619 ಮಾನದಂಡವಾಗಿ ಬಂದದ್ದು. ಸೆಕ್ಟರ್ ಸಂಖ್ಯೆಯೂ ಅದರೊಳಗಿನ ಜಾಗವೂ ಲೆಕ್ಕದಲ್ಲಿ ಸೇರುವುದರಿಂದ ಒಂದೇ ಬರಹ ಬೇರೆ ಜಾಗದಲ್ಲಿ ಬೇರೆಯಾಗುತ್ತದೆ. ಕೈ ಹಾಕಿದರೆ ಆ 16 ಬೈಟ್ ಪೂರ್ತಿ ಕಸವಾಗುತ್ತದೆ, ಬೇಕಾದ ಅಂಕಿ ಕೂರಿಸಲಾಗದು. ನಾನು ಆರಿಸಿದ್ದು ಇದನ್ನೇ. ಒಂದು ಮಾತು: ಇಲ್ಲಿ ಕೀ ಎರಡು ಹೋಳಾಗುತ್ತದೆ, 512 ಬಿಟ್ ಎಂದು ಕೊಟ್ಟರೆ ಎಇಎಸ್‌ಗೆ ಸಿಗುವುದು 256.

ಆದರೆ ಕಸವಾಯಿತೆಂದು ಎಕ್ಸ್‌ಟಿಎಸ್ ಕೂಗಿ ಹೇಳುವುದಿಲ್ಲ. ಹಳೆಯ ಸೆಕ್ಟರನ್ನು ನಕಲು ಮಾಡಿಟ್ಟುಕೊಂಡು ಅದೇ ಜಾಗಕ್ಕೆ ಮರಳಿ ಹಾಕಿದರೂ ಗೊತ್ತಾಗದು. ತೀರಿಸಿದ ಬಾಕಿ ಮತ್ತೆ ಎದ್ದು ಕೂರಬಹುದು. ಅದಕ್ಕೇ ತಿಂಗಳ ಕೊನೆಗೆ ಬಾಕಿ ಪಟ್ಟಿಯ ಪ್ರಿಂಟ್ ತೆಗೆದು ಉಪ್ಪನಿಗೆ ಕೊಡುತ್ತೇನೆ. ಅವರು ಪೆನ್ಸಿಲ್ ಹಿಡಿದು ನೋಡುತ್ತಾರೆ.

ಲಕ್ಸ್‌ನಲ್ಲಿ ಒಂದಕ್ಕಿಂತ ಹೆಚ್ಚು ಪಾಸ್‌ಫ್ರೇಸ್ ಇಡಬಹುದು. ಎರಡನೆಯದನ್ನು ಕಾಗದದಲ್ಲಿ ಬರೆದು ಉಮ್ಮನ ಕಪಾಟಿನಲ್ಲಿಟ್ಟಿದ್ದೇನೆ, ನನಗೇನಾದರೂ ಆದರೆ ತಮ್ಮ ತೆರೆಯಲಿ ಎಂದು.