ಕೇಳುವವರ ಸಂಯಮ

ಉದ್ಯೋಗವನ್ನು ಅರಸಿ ಬಂದವರು ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತಾರೆ. ಖಾಲಿ ಬಿಟ್ಟ ಅಂಕಣವೇ ಅನರ್ಹತೆಯಾದೀತೆಂಬ ಅಂಜಿಕೆ ಅವರದು. ಆದುದರಿಂದ ನೇಮಕಾತಿಯಲ್ಲಿ ಸಂಯಮದ ಹೊಣೆ ಪ್ರಶ್ನೆ ಕೇಳುವವರ ಮೇಲಿದೆ.

ಭಾರತೀಯ ಜೀವ ವಿಮಾ ನಿಗಮದಲ್ಲಿ 1989ರಲ್ಲಿ ಸಹಾಯಕರ ಹುದ್ದೆಗೆ ಆಯ್ಕೆಯಾದ ಮಹಿಳೆಯೊಬ್ಬರ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಲಿಖಿತ ಪರೀಕ್ಷೆ, ಸಂದರ್ಶನಗಳಲ್ಲಿ ಅವರು ತೇರ್ಗಡೆಯಾಗಿದ್ದರು; ವೈದ್ಯೆಯೊಬ್ಬರು ಪರೀಕ್ಷಿಸಿ ಕೆಲಸಕ್ಕೆ ಯೋಗ್ಯರೆಂದಿದ್ದರು. ಅವರು ತುಂಬಬೇಕಾಗಿದ್ದ ಘೋಷಣಾಪತ್ರದಲ್ಲಿ ಮಾತ್ರ ಮುಟ್ಟು ಕ್ರಮವಾಗಿದೆಯೆ, ಕೊನೆಯ ಮುಟ್ಟು ಎಂದು, ಎಷ್ಟು ಬಾರಿ ಗರ್ಭ ನಿಂತಿತ್ತು, ಗರ್ಭಪಾತವಾಗಿತ್ತೆ ಎಂಬ ಪ್ರಶ್ನೆಗಳಿದ್ದವು. ಕೆಲಸಕ್ಕೆ ಸೇರಿದ ಕೆಲವು ತಿಂಗಳಲ್ಲಿ ಹೆರಿಗೆಯಾಯಿತು. ರಜೆಯಲ್ಲಿದ್ದಾಗಲೇ ನಿಗಮ ಅವರನ್ನು ಕೆಲಸದಿಂದ ಬಿಡಿಸಿತು. ಮುಟ್ಟಿನ ದಿನಾಂಕವನ್ನು ಸುಳ್ಳಾಗಿ ಬರೆದಿದ್ದರೆಂಬುದು ಅದರ ಸಮರ್ಥನೆ.

ಸುಳ್ಳು ಸುಳ್ಳೇ; ಅದನ್ನು ಹೊಗಳಬೇಕಾಗಿಲ್ಲ. ಆದರೆ ವಿಮಾ ಕಚೇರಿಯ ಕಡತಗಳಿಗೂ ಹೆಣ್ಣಿನ ಗರ್ಭದ ವೃತ್ತಾಂತಕ್ಕೂ ಏನು ಸಂಬಂಧ? ಕೇಳುವ ಅಧಿಕಾರವಿಲ್ಲದ್ದನ್ನು ಅನ್ನದ ಆಸೆ ತೋರಿಸಿ ಕೇಳಿದವರಿಗೆ ಆ ಸುಳ್ಳಿನಲ್ಲಿ ಪಾಲಿಲ್ಲವೆ? 1991ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಜವಾದ ಕೇಡು ಆ ಘೋಷಣಾಪತ್ರದಲ್ಲಿಯೇ ಇದೆಯೆಂದು ಕಂಡಿತು. ಅಂಥ ಅಂಕಣಗಳನ್ನು ತೆಗೆದುಹಾಕಬೇಕೆಂದು ಹೇಳಿ, ಆಕೆಯನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು 2017ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ಮರ್ಯಾದೆಯ ಪ್ರಜ್ಞೆ ಅಷ್ಟು ಕಾಲ ಕಾಯಬೇಕಾಗಿರಲಿಲ್ಲ.

ಇಂಥ ಅಂಕಣಗಳು ದುರುದ್ದೇಶದಿಂದಲೇ ಹುಟ್ಟುವುದಿಲ್ಲ. ಹುದ್ದೆಯ ಕೆಲಸವೇನು, ಅದಕ್ಕೆ ಯಾವ ಅರ್ಹತೆ ಬೇಕು ಎಂಬುದನ್ನು ಮೊದಲು ನಿಶ್ಚಯಿಸದೆ, ಹಳೆಯ ನಮೂನೆಯನ್ನೇ ಮತ್ತೆ ಅಚ್ಚು ಹಾಕಿಸುವ ಆಲಸ್ಯದಿಂದ ಎಷ್ಟೋ ಉಳಿದುಬರುತ್ತವೆ. ತಂದೆಯ ವರಮಾನ, ಗಂಡನ ಉದ್ಯೋಗ, ಮಕ್ಕಳೆಷ್ಟು ಎಂಬುದೆಲ್ಲ ಮೊದಲ ದಿನವೇ ಏಕೆ? ಸೇರಿದ ಮೇಲೆ ಭವಿಷ್ಯನಿಧಿಯ ನಾಮನಿರ್ದೇಶನಕ್ಕೆ ಬೇಕಾದುದನ್ನು ಆಗ ಕೇಳಿದರಾಯಿತು.

ಇನ್ನು ಆಯ್ಕೆಯಾಗದವರ ಅರ್ಜಿಗಳು. ಹತ್ತು ಹುದ್ದೆಗೆ ಸಾವಿರ ಜನ ಬರೆದರೆ, ಒಂಬೈನೂರ ತೊಂಬತ್ತು ಮನೆಗಳ ವಿವರ ಕಚೇರಿಯ ಮೂಲೆಯಲ್ಲಿ ಉಳಿಯುತ್ತದೆ. ಉದ್ದೇಶ ತೀರಿದ ಬಳಿಕ ಮಾಹಿತಿಯನ್ನು ಅಳಿಸಬೇಕೆಂಬ ವಿಧಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿದೆ. ಗಣಕಕ್ಕೆ ಏರದೆ ಕಾಗದವಾಗಿಯೇ ಉಳಿದ ಅರ್ಜಿಗೆ ಆ ಕಾಯಿದೆ ಅನ್ವಯಿಸದು. ಅದು ತೂಕಕ್ಕೆ ಬಿದ್ದು ರದ್ದಿ ಅಂಗಡಿಗೆ ಹೋದರೆ, ಯಾರದೋ ವಿಳಾಸ, ಭಾವಚಿತ್ರ, ಸಹಿ ಕಡಲೆಕಾಯಿಯ ಪೊಟ್ಟಣವಾಗಿ ಬೀದಿಗೆ ಬರುತ್ತದೆ.