ಎರಡು ಮಣ್ಣಿನ ಊರಿಗೆ ಒಂದೇ ಸೈಕಲ್

ಹುಬ್ಬಳ್ಳಿ-ಧಾರವಾಡ ಅಂತ ಒಂದೇ ಉಸಿರಿನಲ್ಲಿ ಹೇಳ್ತೀವಿ. 1962ರಲ್ಲಿ ಎರಡೂ ಊರು ಸೇರಿ ಒಂದು ಮಹಾನಗರ ಪಾಲಿಕೆ ಆಯ್ತು. ನಡುವೆ ಇರೋದು 20 ಕಿಲೋಮೀಟರ್. ಚಿಗರಿ ಬಸ್ಸಿನಲ್ಲಿ ಎಸಿ ಹಾಕಿಕೊಂಡು ಕೂತರೆ ಒಂದು ಊರು ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಶುರುವಾಯ್ತು ಅಂತ ತಿಳಿಯೋದೇ ಇಲ್ಲ. ಸೈಕಲ್ ಮೇಲೆ ಹೋದರೆ ಮಾತ್ರ ಇವು ಎರಡು ಬೇರೆ ಊರು ಅನ್ನೋದು ಮೊದಲು ಟೈರಿಗೆ, ಆಮೇಲೆ ಮೊಣಕಾಲಿಗೆ ಗೊತ್ತಾಗುತ್ತೆ.

ಹುಬ್ಬಳ್ಳಿಯ ಪೂರ್ವಕ್ಕೆ ಎರೆಮಣ್ಣು. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ಆಮೇಲೆ ಮಲೆನಾಡಿನ ಸೆರಗು. ನೀರು ಕೂಡ ಇಲ್ಲೇ ಎರಡು ಪಾಲಾಗುತ್ತೆ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರ್ತಾಳೆ. ಈ ಕಡೆ ಬೆಣ್ಣಿಹಳ್ಳ ಮಲಪ್ರಭೆಯನ್ನು ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತೆ.

ಇಂಥ ಊರಿನಲ್ಲಿ ಇದ್ದುಕೊಂಡು ಒಂದೇ ಒಂದು ಸೈಕಲ್ ತಗೋಬೇಕು ಅಂದರೆ ಯಾವುದು ತಗೋಬೇಕು? ವರ್ಕ್ ಫ್ರಮ್ ಹೋಮ್ ಅಂತ ಬೆಂಗಳೂರಿನಿಂದ ವಾಪಸ್ ಬಂದ ನನ್ನ ಗೆಳೆಯರೆಲ್ಲ ಕೇಳೋ ಪ್ರಶ್ನೆ ಇದು. ಮನೆಯಲ್ಲಿ ಎರಡು ಸೈಕಲ್ ಇಡೋಕೆ ಜಾಗ ಇಲ್ಲ, ಅಷ್ಟು ರೊಕ್ಕ ಹಾಕೋಕೆ ಮನಸ್ಸೂ ಇಲ್ಲ. ಹಿಮದ ದೇಶದವರಿಗೂ ಇದೇ ಪೇಚು. ಅಲ್ಲಿ ಗಟ್ಟಿ ಹಿಮಕ್ಕೊಂದು ಸ್ಕೀ, ಮೆತ್ತನೆ ಹಿಮಕ್ಕೊಂದು ಸ್ಕೀ. ಎರಡನ್ನೂ ಕೊಳ್ಳಲಾರದವರು ನಡುವಿನ ಅಗಲದ ‘ಆಲ್ ಮೌಂಟನ್’ ಸ್ಕೀ ತಗೊಂಡು, ಉದ್ದವನ್ನು ಗಲ್ಲಕ್ಕೂ ನೆತ್ತಿಗೂ ನಡುವೆ ಬರುವ ಹಾಗೆ ಆರಿಸ್ತಾರೆ. ನಮ್ಮ ಸೈಕಲ್ಲಿಗೂ ಕೇಳಬೇಕಾದ ಪ್ರಶ್ನೆ ಆ ಎರಡೇ: ಎಷ್ಟು ಅಗಲ, ಎಷ್ಟು ಉದ್ದ?

ಮೊದಲು ದಾರಿ ನೋಡೋಣ. ವಾರದ ದಿನಗಳಲ್ಲಿ ವಿದ್ಯಾನಗರ, ಉಣಕಲ್, ನವಲೂರು ಅಂತ ಊರೊಳಗಿನ ಡಾಂಬರು, ನಡುನಡುವೆ ಹಂಪು, ಅಗೆದು ಮುಚ್ಚಿದ ಗುಂಡಿ. ಭಾನುವಾರ ಪೂರ್ವಕ್ಕೆ ಹೊರಟರೆ ಅಣ್ಣಿಗೇರಿಯ ಅಮೃತೇಶ್ವರ ಗುಡಿ ಕಡೆಗೋ ನವಲಗುಂದದ ಕಡೆಗೋ ಸಪಾಟ ಬಯಲು. ಹೆದ್ದಾರಿ ಬಿಟ್ಟು ಹೊಲದ ದಾರಿಗೆ ಇಳಿದಾಗ ಒಂದು ಮಳೆ ಬಂದರೆ ಮುಗೀತು. ಎರೆಮಣ್ಣು ಟೈರಿಗೂ ಫೋರ್ಕಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗೋದೇ ನಿಲ್ಲುತ್ತೆ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತರಬೇಕು. ಪಶ್ಚಿಮಕ್ಕೆ, ಕೆಲಗೇರಿ ದಾಟಿ ಅಳ್ನಾವರದ ಕಡೆ ಹೊರಟರೆ ಏರು-ಇಳಿವು, ಪಕ್ಕದ ದಾರಿಗಳಲ್ಲಿ ಕೆಂಪು ಜಲ್ಲಿ. ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಕಡೆಯಿಂದ ಬರುವ ಗಾಳಿ ಎದೆಗೇ ಹೊಡೆಯುತ್ತೆ.

ಈ ಮೂರೂ ದಾರಿಗೆ ಒಂದೇ ಸೈಕಲ್ ಬೇಕು. ಅಂಗಡಿಗೆ ಹೋದರೆ ಮೊದಲು ತೋರಿಸೋದು ದಪ್ಪ ಟೈರಿನ, ಮುಂದೆ ಸಸ್ಪೆನ್ಷನ್ ಇರುವ ಮೌಂಟನ್ ಬೈಕ್. ನೋಡೋಕೆ ಭಾರಿ ಇರುತ್ತೆ. ಆದರೆ ಕಡಿಮೆ ಬೆಲೆಯ ಸಸ್ಪೆನ್ಷನ್ ಅಂದರೆ ಒಂದು ಸ್ಪ್ರಿಂಗು ಮತ್ತು ಮುಂದುಗಡೆ ಹೆಚ್ಚುವರಿ ತೂಕ. ಏರು ಹತ್ತುವಾಗ ನೀವು ಹಾಕಿದ ಬಲದಲ್ಲಿ ಒಂದಿಷ್ಟನ್ನು ಅದೇ ನುಂಗುತ್ತೆ. ಇನ್ನೊಂದು ತುದಿಗೆ 25 ಮಿಲಿಮೀಟರ್ ಟೈರಿನ ರೋಡ್ ಬೈಕ್. ಅಣ್ಣಿಗೇರಿ ಹೆದ್ದಾರಿಯಲ್ಲಿ ಹಕ್ಕಿಯ ಹಾಗೆ ಹೋಗುತ್ತೆ, ನಮ್ಮ ಓಣಿಯ ಗುಂಡಿಯಲ್ಲಿ ಕೈ ಜುಂ ಅನ್ನುತ್ತೆ.

ನನ್ನ ಓಟು ನಡುವಿನದಕ್ಕೆ: ಗಟ್ಟಿ ಫೋರ್ಕಿನ ಹೈಬ್ರಿಡ್, ಬಜೆಟ್ ಇದ್ದರೆ ಗ್ರಾವೆಲ್ ಬೈಕ್. ಟೈರು 700 ಸಿ, ಅಗಲ 38ರಿಂದ 42 ಮಿಲಿಮೀಟರ್. ದೊಡ್ಡ ಟೈರಿನಲ್ಲಿ ಗಾಳಿ ಸ್ವಲ್ಪ ಕಡಿಮೆ ಇಟ್ಟರೂ ನಡೆಯುತ್ತೆ. ಆ ಗಾಳಿಯೇ ನಿಮ್ಮ ಸಸ್ಪೆನ್ಷನ್, ತೂಕ ಇಲ್ಲ, ಸರ್ವಿಸೂ ಇಲ್ಲ. ಟೈರಿನ ಸುತ್ತ ಬೆರಳು ಸಲೀಸಾಗಿ ಆಡುವಷ್ಟು ಜಾಗ ಇದೆಯಾ ನೋಡಿ. ಎರೆಮಣ್ಣಿಗೆ ಆ ಜಾಗ ಬೇಕೇ ಬೇಕು. ಬ್ರೇಕು ಡಿಸ್ಕ್ ಇರಲಿ, ಕೆಸರು ಮೆತ್ತಿದ ರಿಮ್ಮನ್ನು ರಬ್ಬರ್ ಬ್ರೇಕು ಹಿಡಿಯೋದು ಕಷ್ಟ. ಗೇರಿನಲ್ಲಿ ಒಂದು ಲೆಕ್ಕ ಸಾಕು. ಮುಂದಿನ ಸಣ್ಣ ಚಕ್ರಕ್ಕೆ ಎಷ್ಟು ಹಲ್ಲು ಇವೆಯೋ ಹಿಂದಿನ ದೊಡ್ಡ ಚಕ್ರಕ್ಕೂ ಹತ್ತಿರ ಅಷ್ಟೇ ಇರಲಿ. ಆಗ ಪೆಡಲ್ ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು. ನೃಪತುಂಗ ಬೆಟ್ಟವನ್ನು ಇಳಿಯದೇ ಹತ್ತೋಕೆ ಅದು ಸಾಕು.

ಇಷ್ಟೆಲ್ಲ ಗೂಗಲ್ ಮಾಡಿ ತಿಳ್ಕೊಂಡು ಬಂದವರೂ ಅಳತೆಯ ಹತ್ತಿರ ಎಡವ್ತಾರೆ. ನನ್ನ ತಂಗಿಯ ಎತ್ತರ ಐದು ಅಡಿ ಒಂದು ಇಂಚು. ಒಂದು ಅಂಗಡಿಯವರು ಸ್ಟಾಕಿನಲ್ಲಿ ಇದ್ದ ಮೀಡಿಯಂ ಫ್ರೇಮನ್ನೇ ಕೊಟ್ಟು, ‘ಸೀಟ್ ಇಳಿಸಿದ್ರ ಆತು ಬಿಡ್ರಿ’ ಅಂದಿದ್ದರು. ಸೀಟು ಇಳೀತು, ಆದರೆ ಫ್ರೇಮಿನ ಉದ್ದ ಇಳಿಯುತ್ತಾ? ಹ್ಯಾಂಡಲ್ ಹಿಡಿಯೋಕೆ ಅವಳು ಮುಂದಕ್ಕೆ ಚಾಚಬೇಕಾಗ್ತಿತ್ತು. ಎರಡು ವಾರದಲ್ಲಿ ಕುತ್ತಿಗೆ ನೋವು, ಕಿರುಬೆರಳು ಮರಗಟ್ಟೋದು. ಸಿಗ್ನಲ್ಲಿನಲ್ಲಿ ಇಳಿದು ನಿಂತರೆ ಮೇಲಿನ ಪೈಪು ಮೈಗೆ ತಾಗ್ತಿತ್ತು, ಹಾಗಾಗಿ ಪಕ್ಕಕ್ಕೆ ವಾಲಿಸಿ ಒಂದೇ ಕಾಲಿನ ಮೇಲೆ ನಿಲ್ಲಬೇಕು. ಹಿಂದೆ ಬಸ್ಸು ಹಾರ್ನ್ ಹೊಡೆಯುವಾಗ ಹಾಗೆ ನಿಲ್ಲೋದು ತಮಾಷೆಯಲ್ಲ. ‘ನಂಗ ಸೈಕಲ್ ಆಗಿ ಬರಂಗಿಲ್ಲ’ ಅಂತ ಅವಳು ತೀರ್ಮಾನ ಮಾಡಿಬಿಟ್ಟಿದ್ದಳು. ಆಗಿ ಬರದೇ ಇದ್ದದ್ದು ಆ ಫ್ರೇಮು ಅಷ್ಟೇ. ಅದನ್ನು ಮಾರಿ ಸ್ಮಾಲ್ ಫ್ರೇಮ್ ತಗೊಂಡ ಮೇಲೆ ಸಾಧನಕೇರಿ ತನಕ ಹೋಗಿ ಬರ್ತಾಳೆ.

ಅಳತೆ ಮನೆಯಲ್ಲೇ ತಗೋಬಹುದು. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ದಪ್ಪ ಪುಸ್ತಕವನ್ನು ಎರಡೂ ತೊಡೆಯ ನಡುವೆ ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡೀರಿ. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಅನ್ನೋದೇ ನಿಮ್ಮ ಕಾಲಿನ ಒಳ ಅಳತೆ. ಅದನ್ನು 0.883ರಿಂದ ಗುಣಿಸಿದರೆ ಪೆಡಲ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ಎತ್ತರ ಸಿಗುತ್ತೆ. ತಂಗಿಯ ಅಳತೆ 72, ಹಾಗಾಗಿ ಸೀಟಿನ ಎತ್ತರ ಸುಮಾರು 63.5. ಇದು ಶುರುವಿನ ಲೆಕ್ಕ, ಆಮೇಲೆ ಅರ್ಧ ಸೆಂಟಿಮೀಟರ್ ಆಚೆ ಈಚೆ ಮಾಡ್ಕೋಬಹುದು. ಸೀಟು ತೀರಾ ಕೆಳಗೆ ಇದ್ದರೆ ಮೊಣಕಾಲಿನ ಮುಂಭಾಗ ನೋಯುತ್ತೆ, ತೀರಾ ಮೇಲೆ ಇದ್ದರೆ ಹಿಂಭಾಗ.

ಅಂಗಡಿಯಲ್ಲಿ ಬೂಟು ಹಾಕಿಕೊಂಡು ಪೈಪಿನ ಎರಡೂ ಕಡೆ ಕಾಲಿಟ್ಟು ನಿಲ್ಲಿ, ಮೂರ್ನಾಲ್ಕು ಸೆಂಟಿಮೀಟರ್ ಸಂದು ಇರಲೇಬೇಕು. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಬಗ್ಗಿರಬೇಕು. ಎರಡು ಸೈಜಿನ ನಡುವೆ ಬಂದರೆ, ನಮ್ಮ ಟ್ರಾಫಿಕ್ಕಿಗೆ ಸಣ್ಣದೇ ವಾಸಿ. ಅದು ಬೇಗ ತಿರುಗುತ್ತೆ, ಬೇಗ ಇಳಿಯೋಕೆ ಆಗುತ್ತೆ. ಉದ್ದ ಹೋಗೋದೇ ನಿಮ್ಮ ಗುರಿ ಆಗಿದ್ದರೆ ದೊಡ್ಡದನ್ನೂ ಒಮ್ಮೆ ಓಡಿಸಿ ನೋಡಿ. ಹುಬ್ಬಳ್ಳಿ ಬೈಸಿಕಲ್ ಕ್ಲಬ್‌ನವರು ನಡೆಸುವ ಬ್ರೆವೆ ರೈಡಿನಲ್ಲಿ 200 ಕಿಲೋಮೀಟರ್‌ಗೆ 13 ಗಂಟೆ 30 ನಿಮಿಷ ಸಮಯ. ಅಷ್ಟು ಹೊತ್ತು ಕೂರೋಕೆ ಫ್ರೇಮು ಮೈಗೆ ಒಪ್ಪಿರಬೇಕು.

ಒಂದು ಮಾತು, ಎಷ್ಟೇ ಒಳ್ಳೆ ಸೈಕಲ್ ಇದ್ದರೂ ಬೈಪಾಸ್ ಮೇಲೆ ಹೋಗಬೇಡಿ. ಎರಡೇ ಲೇನಿನಲ್ಲಿ ಪುಣೆ-ಬೆಂಗಳೂರು ಲಾರಿಗಳೆಲ್ಲ ಓಡಾಡಿದ ದಾರಿ ಅದು. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯ ಗೆಳತಿಯರ ವಾಹನಕ್ಕೆ ಆದ ಅಪಘಾತವನ್ನು ಈ ಭಾಗದ ಯಾರೂ ಮರೆತಿಲ್ಲ. ಆರು ಲೇನ್ ಆದರೂ ಅಲ್ಲಿನ ವೇಗ ಸೈಕಲ್ಲಿಗೆ ಅಲ್ಲ. ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಬೆಳಗ್ಗೆ ಆರಕ್ಕೆ ಊರೊಳಗಿನ ದಾರಿಯಲ್ಲೇ ಹೊರಡಿ.

ಉಣಕಲ್ಲಿನ ಚಂದ್ರಮೌಳೀಶ್ವರ ಗುಡಿಯ ಹತ್ತಿರ ಚಹಾ ಕುಡಿದು, ನವಲೂರು ದಾಟಿ ಧಾರವಾಡದ ಏರಿಗೆ ಬಂದಾಗ ಗೇರು ಒಂದೊಂದೇ ಇಳಿಸ್ತಾ ಹೋಗಿ. ಕೈಗೆ ಜೋಮು ಹಿಡಿಯದೆ, ಮೊಣಕಾಲು ತಕರಾರು ಮಾಡದೆ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡ ಮುಟ್ಟಿದರೆ ಸೈಕಲ್ ನಿಮ್ಮದೇ ಅಳತೆಯದ್ದು ಅಂತ ಲೆಕ್ಕ. ಆಮೇಲೆ ಅಳ್ನಾವರದ ಕಡೆಗೋ ಅಣ್ಣಿಗೇರಿಯ ಕಡೆಗೋ, ಆ ಭಾನುವಾರದ ಮೋಡ ನೋಡಿ ತೀರ್ಮಾನ ಮಾಡಿ.