ಪ್ರತಿಕಾಯ ಇದ್ದರೆ ಕಾಯಿಲೆಯೇ?

ರಕ್ತಪರೀಕ್ಷೆಯ ಚೀಟಿಯಲ್ಲಿ ‘ಪ್ರತಿಕಾಯ ಇದೆ’ ಎಂದಿದ್ದರೆ ಸಾಕು, ಮನೆಮಂದಿಯೆಲ್ಲ ಗಾಬರಿಯಾಗುವುದುಂಟು. ರೋಗಾಣುವಿಗೆ ಅಂಟಿಕೊಳ್ಳಲೆಂದು ದೇಹ ತಯಾರಿಸುವ ಪ್ರೋಟೀನೇ ಪ್ರತಿಕಾಯ. ಅದು ಹೇಳುವುದು ಆ ರೋಗಾಣುವಿನ ಪರಿಚಯ ದೇಹಕ್ಕೆ ಆಗಿದೆ ಎಂದಷ್ಟೇ. ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರವನ್ನೇ ನೋಡಿ.

ಪಾರಿವಾಳದ ಹಿಕ್ಕೆಯಲ್ಲಿ ಇದು ಬೆಳೆಯುತ್ತದೆಂದು ಅಮೆರಿಕದ ಚೆಸ್ಟರ್ ಎಮನ್ಸ್ 1955ರಲ್ಲಿ ತೋರಿಸಿದರು. ಧೂಳಿನೊಡನೆ ಶ್ವಾಸಕೋಶ ಸೇರುವ ಇದನ್ನು ತಪ್ಪಿಸಿಕೊಳ್ಳುವುದು ಪಟ್ಟಣವಾಸಿಗಳಿಗೆ ಕಷ್ಟವೇ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಮಕ್ಕಳ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಎರಡು ವರ್ಷ ದಾಟಿದ ಬಹುಪಾಲು ಮಕ್ಕಳಲ್ಲಿ ಇದರ ಪ್ರತಿಕಾಯಗಳಿದ್ದವು. ಕಾಯಿಲೆ ಮಾತ್ರ ಇರಲಿಲ್ಲ!

ಹಾಗಾದರೆ ಕಾಯಿಲೆ ಬರುವುದು ಯಾರಿಗೆ? ಈ ಶಿಲೀಂಧ್ರವನ್ನು ಹದ್ದುಬಸ್ತಿನಲ್ಲಿಡುವ ಮುಖ್ಯ ಕಾವಲುಗಾರ ಪ್ರತಿಕಾಯವಲ್ಲ, ಸಿಡಿ4 ಎಂಬ ಬಿಳಿ ರಕ್ತಕಣ. ಏಡ್ಸ್ ವೈರಸ್ ನಾಶಮಾಡುವುದು ಇದೇ ಕಣಗಳನ್ನು. ಆಗ ಶಿಲೀಂಧ್ರ ಮಿದುಳಿನ ಪೊರೆಗೆ ಹಬ್ಬಿ ಮೆನಿಂಜೈಟಿಸ್ ಉಂಟುಮಾಡುತ್ತದೆ. ವಾರಗಟ್ಟಲೆ ಬಿಡದ ತಲೆನೋವು, ಜ್ವರ, ಮಂಕು ಇದರ ಲಕ್ಷಣಗಳು.

ವಿಚಿತ್ರವೆಂದರೆ, ಇಂಥ ರೋಗಿಯಲ್ಲಿ ಪ್ರತಿಕಾಯ ಹುಡುಕಿದರೆ ಸಿಗದಿರಬಹುದು. ಶಿಲೀಂಧ್ರದ ಸುತ್ತ ಸಕ್ಕರೆಯ ಅಣುಗಳಿಂದಾದ ದಪ್ಪ ಕವಚವಿದೆ. ಬೆನ್ನುಹುರಿಯ ದ್ರವಕ್ಕೆ ಇಂಡಿಯಾ ಇಂಕ್ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಹಿನ್ನೆಲೆಯಲ್ಲಿ ಈ ಕವಚ ಬೆಳ್ಳಗಿನ ಪ್ರಭಾವಳಿಯಂತೆ ಕಾಣುತ್ತದೆ. ಕವಚದಿಂದ ಕಳಚಿದ ಸಕ್ಕರೆ ರಕ್ತದಲ್ಲಿ ಹೇರಳವಾಗಿ ಸೇರಿ, ಇರುವ ಪ್ರತಿಕಾಯಗಳನ್ನೂ ಹಿಡಿದಿಟ್ಟುಬಿಡುತ್ತದೆ. ಆದ್ದರಿಂದ ವೈದ್ಯರು ಪ್ರತಿಕಾಯದ ಗೊಡವೆಗೆ ಹೋಗದೆ ಆ ಸಕ್ಕರೆಯನ್ನೇ ಹುಡುಕುತ್ತಾರೆ.

ಎಲ್ಲ ಶಿಲೀಂಧ್ರಗಳಿಗೂ ಇದೇ ಲೆಕ್ಕ ಎಂದುಕೊಳ್ಳಬಾರದು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಮಣ್ಣಿನಲ್ಲಿರುವ ಕಾಕ್ಸಿಡಿಯಾಯ್ಡಿಸ್ ಕೂಡ ಮೆನಿಂಜೈಟಿಸ್ ತರಬಲ್ಲದು. ಅಲ್ಲಿ ಬೆನ್ನುಹುರಿಯ ದ್ರವದಲ್ಲಿ ಪ್ರತಿಕಾಯ ಕಂಡರೆ ರೋಗಕ್ಕೆ ಬಲವಾದ ಪುರಾವೆ. ರಕ್ತದಲ್ಲಿ ಅದರ ಪ್ರಮಾಣ ಏರುತ್ತಿದ್ದರೆ ದೇಹ ಗೆಲ್ಲುತ್ತಿದೆ ಎಂದಲ್ಲ, ರೋಗ ಹರಡುತ್ತಿರಬಹುದು ಎಂದರ್ಥ. ಪ್ರತಿಕಾಯವೆಂದರೆ ರಕ್ಷಣೆ ಎಂದು ಉರು ಹೊಡೆದವರಿಗೆ ಇದು ಕೊಂಚ ಕಸಿವಿಸಿಯ ಸಂಗತಿಯೇ.

ಕ್ರಿಪ್ಟೊಕಾಕಸ್‌ನ ಸಕ್ಕರೆಯಾದರೋ ತಲೆನೋವು ಶುರುವಾಗುವುದಕ್ಕೆ ಕೆಲವು ವಾರಗಳ ಮುಂಚೆಯೇ ರಕ್ತದಲ್ಲಿ ಕಾಣಿಸಿಕೊಳ್ಳಬಹುದು. ಸಿಡಿ4 ಕಣಗಳ ಸಂಖ್ಯೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 100ಕ್ಕಿಂತ ಕಡಿಮೆಯಾದ ಎಚ್‌ಐವಿ ಸೋಂಕಿತರಿಗೆ ಈ ಪರೀಕ್ಷೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕಾಗದದ ಪಟ್ಟಿಯೊಂದನ್ನು ರಕ್ತದ ಸೀರಮ್ಮಿನಲ್ಲಿ ಅದ್ದಿದರೆ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ.